ಎಂಟಾಳಿನ ದೋಣಿ ಈಗಲೇ ಬೇಡ

ಕಾಲೇಜಿನಲ್ಲಿ ಹುಡುಗಿಯರ ರೋಯಿಂಗ್ ತಂಡ ಕಟ್ಟುವ ಬಗ್ಗೆ ಕಾಸರಗೋಡಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ಹಳೆ ವಿದ್ಯಾರ್ಥಿ ಸಂಘದವರು ಹಣ ಕೊಡಲು ತಯಾರಿದ್ದಾರೆ. ಆದರೆ ಎಂಟು ಮಂದಿಯ ದೋಣಿಯನ್ನೇ ತೆಗೆಯಬೇಕಂತೆ. ಒಪ್ಪಬಹುದೇ?
– ದೈಹಿಕ ಶಿಕ್ಷಣ ಅಧ್ಯಾಪಕಿ, ಕುಂಬಳೆ

ಉತ್ತರ: ಒಪ್ಪಬೇಡಿ. ಎಂಟಾಳಿನ ದೋಣಿ ಸುಮಾರು 17 ಮೀಟರ್ ಉದ್ದ. ಸ್ಪರ್ಧೆಯ ನಿಯಮದಲ್ಲಿ ಅದರ ಕನಿಷ್ಠ ತೂಕವೇ 96 ಕಿಲೋ. ಕಡವಿಗೆ ಇಳಿಯುವ ನಮ್ಮ ಓಣಿಗಳ ತಿರುವಿನಲ್ಲಿ ಅದನ್ನು ಹೊತ್ತು ತಿರುಗಿಸುವುದೇ ಒಂದು ಸಾಹಸ. ಅದಕ್ಕಿಂತ ದೊಡ್ಡ ತಲೆನೋವು ಹಾಜರಿ. ದಿಕ್ಕು ನೋಡಿ ಕೂಗು ಹಾಕುವ ಕಾಕ್ಸ್ ಸೇರಿ ಒಂಬತ್ತು ಮಂದಿ ಬೆಳಿಗ್ಗೆ ಆರಕ್ಕೆ ನೀರಿನ ಬಳಿ ಇರಬೇಕು. ಒಬ್ಬಳಿಗೆ ಪರೀಕ್ಷೆ ಬಂತು, ಇನ್ನೊಬ್ಬಳಿಗೆ ಬಸ್ಸು ತಪ್ಪಿತು ಎಂದರೆ ಉಳಿದ ಏಳು ಮಂದಿಯೂ ದಡದಲ್ಲೇ.

ಮೊದಲ ವರ್ಷಕ್ಕೆ ನಾಲ್ವರು ಕೂರುವ ಕ್ವಾಡ್ (ಕನಿಷ್ಠ ತೂಕ 52 ಕಿಲೋ) ಒಂದು, ಇಬ್ಬರು ಕೂರುವ ಡಬಲ್ (27 ಕಿಲೋ) ಎರಡು ಸಾಕು. ಇವುಗಳಲ್ಲಿ ಪ್ರತಿಯೊಬ್ಬಳ ಕೈಯಲ್ಲೂ ಎರಡೆರಡು ಹುಟ್ಟು ಇರುತ್ತವೆ. ಒಂದೇ ಉದ್ದ ಹುಟ್ಟು ಹಿಡಿದು ಒಂದೇ ಬದಿಗೆ ತಿರುಗಿ ಎಳೆಯುವ ಸ್ವೀಪ್‌ಗಿಂತ ಇದರಲ್ಲಿ ಬೆನ್ನಿಗೆ ಎರಡೂ ಕಡೆ ಸಮನಾದ ಕೆಲಸ, ಸಮತೋಲವೂ ಬೇಗ ಕೈಗೆ ಬರುತ್ತದೆ. ರಿಗ್ಗರ್ (ದೋಣಿಯ ಬದಿಯಲ್ಲಿ ಹುಟ್ಟನ್ನು ಹಿಡಿದಿಡುವ ಚೌಕಟ್ಟು) ಬದಲಿಸಿದರೆ ಸ್ವೀಪ್‌ಗೂ ಆಗುವ ಕ್ವಾಡ್ ಸಿಕ್ಕರೆ ಅದನ್ನೇ ಆರಿಸಿ. ಮೂರನೇ ವರ್ಷ ಅದೇ ದೋಣಿ ನಾಲ್ವರ ಸ್ವೀಪ್ ದೋಣಿ, ಅಂದರೆ ಫೋರ್ ಆಗುತ್ತದೆ.

ಹಳೆಯ ದೋಣಿ ಕೊಳ್ಳುವುದಾದರೆ ರಿಗ್ಗರ್ ಬಿಗಿದ ಜಾಗದ ಸುತ್ತ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಕುಸಿದರೆ ಒಳಪದರಕ್ಕೆ ನೀರು ಇಳಿದಿದೆ, ಬಿಟ್ಟುಬಿಡಿ. ಬಣ್ಣ ಹೋಗಿದ್ದರೆ ಚಿಂತೆಯಿಲ್ಲ.

ಹಣ ಉಳಿದರೆ ಇನ್ನೊಂದು ದೋಣಿ ಬೇಡ. ಮೋಟಾರಿನ ರಕ್ಷಣಾ ದೋಣಿ, ಕಡವಿನ ಬಳಿ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಸಿಹಿನೀರಿನ ನಲ್ಲಿ – ಇವಕ್ಕೆ ಹಾಕಿ. ಹುಡುಗಿಯರ ತಂಡಗಳು ಸೋರಿಹೋಗುವುದು ಇಲ್ಲೇ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಥೆ ನೋಡಿ: ಡರ್ಬಿಯಲ್ಲಿದ್ದ ದೋಣಿಮನೆಯ ಸ್ನಾನದ ಕೋಣೆ ಗಂಡಸರಿಗೆ ಮಾತ್ರ. ಅವರು ಮುಗಿಸಿ ಬರುವವರೆಗೆ ಹೆಂಗಸರು ಚಳಿಯಲ್ಲಿ ಒದ್ದೆ ಬಟ್ಟೆಯಲ್ಲೇ ಬಸ್ಸಿನಲ್ಲಿ ಕಾಯಬೇಕಿತ್ತು. ಕೇಳಿ ಕೇಳಿ ಸಾಕಾಗಿ 1976ರ ಮಾರ್ಚ್ 3ರಂದು ನಾಯಕಿ ಕ್ರಿಸ್ ಅರ್ನ್‌ಸ್ಟ್ ಸೇರಿ 19 ಮಂದಿ ಅಧಿಕಾರಿಯ ಕೋಣೆಗೆ ಹೋಗಿ, ಬಟ್ಟೆ ಕಳಚಿ, ಮೈಮೇಲೆ ಬರೆದುಕೊಂಡ ‘ಟೈಟಲ್ ನೈನ್’ ತೋರಿಸಿದರು. ಶಿಕ್ಷಣದಲ್ಲಿ ಲಿಂಗಭೇದ ಕೂಡದೆಂದು 1972ರಲ್ಲಿ ಬಂದ ಕಾನೂನಿನ ಹೆಸರು ಅದು. ಒಂದು ನಲ್ಲಿ, ನಾಲ್ಕು ಗೋಡೆಗಾಗಿ ಅಷ್ಟು ದೂರ ಹೋಗಬೇಕಾಯಿತು.

ಪ್ರಶ್ನೆ: ಶಿರಿಯ ಹೊಳೆ, ಚಂದ್ರಗಿರಿ ಎರಡೂ ನಮಗೆ ಹತ್ತಿರ. ಯಾವಾಗ, ಎಲ್ಲಿ ಇಳಿಯುವುದು?
– ವಿದ್ಯಾರ್ಥಿನಿ, ಮಂಜೇಶ್ವರ ತಾಲೂಕು

ಉತ್ತರ: ಅಳಿವೆಯ ಬಳಿ ಬೇಡ, ಮೇಲಕ್ಕೆ ಹೋಗಿ. ಇಳಿತದ ಸೆಳೆತ ದೋಣಿಯನ್ನು ಕಡಲಿನ ಕಡೆಗೇ ಎಳೆಯುತ್ತದೆ. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಇವತ್ತು ಆರು ಗಂಟೆಗೆ ತುಂಬಿದ್ದ ನೀರು ವಾರ ಕಳೆದರೆ ಅದೇ ಹೊತ್ತಿಗೆ ತಳ ಕಂಡಿರಬಹುದು. ತಿಂಗಳ ಭರತದ ಪಟ್ಟಿಯನ್ನು ತರಗತಿಯ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿ. ದೋಣಿಯ ಅಡಿಯ ಸಣ್ಣ ರೆಕ್ಕೆ ಹೊಯ್ಗೆ ದಿಣ್ಣೆಗೆ ತಾಗಿದರೆ ಮುರಿಯುತ್ತದೆ, ಆಮೇಲೆ ದೋಣಿ ನೇರ ಹೋಗುವುದಿಲ್ಲ. ಎರಡು ಹೆಚ್ಚುವರಿ ರೆಕ್ಕೆ ಇಟ್ಟುಕೊಳ್ಳಿ. ಹೊಯ್ಗೆ ದೋಣಿ, ಬಲೆಯ ಗೂಟ ಎಲ್ಲಿವೆಯೆಂದು ಮೀನು ಹಿಡಿಯುವವರನ್ನು ಕೇಳಿ ನಕ್ಷೆಯಲ್ಲಿ ಗುರುತು ಹಾಕಿ. ರೋಯಿಂಗಿನಲ್ಲಿ ಬೆನ್ನು ಹಾಕಿ ಮುಂದೆ ಹೋಗುವುದಲ್ಲವೇ, ಗೂಟ ಕಾಣುವುದು ತಾಗಿದ ಮೇಲೆ!

ಕಡಲಗಾಳಿ ಏಳುವ ಮೊದಲೇ ದಡ ಸೇರಿ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಹೊಳೆಯ ಮಾತೇ ಬೇಡ. ಮರದ ದಿಮ್ಮಿಗಳು ತೇಲಿ ಬರುವ ಕಾಲ ಅದು. ಆ ತಿಂಗಳುಗಳು ಎರ್ಗೋಮೀಟರಿಗೆ, ಅಂದರೆ ದಡದಲ್ಲೇ ಕೂತು ಎಳೆಯುವ ಅಭ್ಯಾಸದ ಯಂತ್ರಕ್ಕೆ.

ಪ್ರಶ್ನೆ: ಹುಟ್ಟು ನೀರಿನೊಳಗೆ ಸಿಕ್ಕಿಕೊಂಡು ಹಿಡಿ ಹೊಟ್ಟೆಗೆ ಗುದ್ದುತ್ತದೆ. ಯಾಕೆ?
– ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಇದಕ್ಕೆ ‘ಏಡಿ ಹಿಡಿಯುವುದು’ ಎನ್ನುತ್ತಾರೆ. ಹೆಚ್ಚಿನ ಸಲ ಕಾರಣ ಒಂದೇ: ಹುಟ್ಟಿನ ಅಲಗನ್ನು ನೀರಿನಿಂದ ಎತ್ತುವ ಮೊದಲೇ ಮಣಿಕಟ್ಟು ತಿರುಗಿಸಿ ಮಲಗಿಸುತ್ತೀರಿ. ಮಲಗಿದ ಅಲಗನ್ನು ಓಡುವ ದೋಣಿ ಕೆಳಕ್ಕೆ ಒತ್ತುತ್ತದೆ. ಮೊದಲು ಹಿಡಿಯನ್ನು ಕೆಳಗೆ ತಟ್ಟಿ, ಅಲಗು ನೆಟ್ಟಗೇ ಹೊರಬರಲಿ, ಆಮೇಲೆ ಬೆರಳಲ್ಲಿ ಉರುಳಿಸಿ. ವಾರವಿಡೀ ಅಲಗು ಮಲಗಿಸದೆ, ನಿಮಿಷಕ್ಕೆ 18 ಎಳೆತದಲ್ಲಿ, ಕ್ವಾಡ್‌ನಲ್ಲಿ ಇಬ್ಬರು ಎಳೆದು ಇಬ್ಬರು ಅಲಗನ್ನು ನೀರಿನ ಮೇಲೆ ಚಪ್ಪಟೆ ಇಟ್ಟು ದೋಣಿ ಹಿಡಿಯಲಿ. ಎಳೆತದ ಕ್ರಮ ಕಾಲು, ಸೊಂಟ, ಕೈ. ಮರಳುವಾಗ ಕೈ, ಸೊಂಟ, ಕಾಲು. ಮಂಡಿ ಮೊದಲು ಮಡಚಿದರೆ ಹಿಡಿ ಅದನ್ನು ದಾಟಲು ಮೇಲೇಳುತ್ತದೆ, ಅಲಗು ನೀರಿಗೆ ತಾಗುತ್ತದೆ, ಮತ್ತೆ ಏಡಿ.

ಸಿಕ್ಕಿಕೊಂಡಾಗ ಎಳೆದಾಡಬೇಡಿ. ಎಲ್ಲರೂ ನಿಲ್ಲಿಸಲಿ, ದೋಣಿಯ ಓಟ ಇಳಿಯಲಿ, ಹುಟ್ಟು ತಾನೇ ಸಡಿಲವಾಗುತ್ತದೆ. ಇನ್ನೊಂದು ಕೈಯ ಹುಟ್ಟನ್ನು ಮಾತ್ರ ಬಿಡಬಾರದು.

ಪ್ರಶ್ನೆ: ಮಗಳು ತಂಡ ಸೇರುತ್ತೇನೆ ಅನ್ನುತ್ತಾಳೆ. ಸುರಕ್ಷಿತವೇ? ಏನು ಉಡಬೇಕು?
– ಒಬ್ಬ ತಾಯಿ, ಪೆರ್ಲ

ಉತ್ತರ: ತೊಟ್ಟ ಬಟ್ಟೆಯಲ್ಲೇ 50 ಮೀಟರ್ ಈಜಿ, ಎರಡು ನಿಮಿಷ ತೇಲಿ ತೋರಿಸದವಳನ್ನು ದೋಣಿಗೆ ಹತ್ತಿಸುವ ಕೋಚ್ ಬಳಿ ಕಳುಹಿಸಬೇಡಿ. ದೋಣಿಗೇ ಬಿಗಿದಿರುವ ಬೂಟಿನ ಹಿಮ್ಮಡಿಯ ದಾರ ನೀವೇ ಎಳೆದು ನೋಡಿ: ಹಿಮ್ಮಡಿ 7 ಸೆಂಟಿಮೀಟರಿಗಿಂತ ಮೇಲೇಳಬಾರದು. ದಾರ ಬಿಗಿಯಿದ್ದರೆ ದೋಣಿ ಮಗುಚಿದಾಗ ಕಾಲು ತಾನೇ ಕಳಚಿಕೊಳ್ಳುತ್ತದೆ. ಮಗುಚಿದರೆ ದೋಣಿ ತೇಲುತ್ತದೆ, ಅದನ್ನೇ ಹಿಡಿದಿರಬೇಕು, ದಡಕ್ಕೆ ಈಜಬಾರದು.

ಮೈಗಂಟುವ ಲೆಗ್ಗಿಂಗ್ಸ್, ತುಂಬುತೋಳಿನ ಟೀ ಶರ್ಟ್ ಸಾಕು. ಸಡಿಲ ಕುರ್ತಾ, ದುಪಟ್ಟಾ ಬೇಡವೇ ಬೇಡ, ಜಾರುವ ಸೀಟಿನ ಗಾಲಿಗೆ ಸುತ್ತಿಕೊಳ್ಳುತ್ತವೆ. ಅಂಗೈ ಬೊಕ್ಕೆಗೆ ಗ್ಲೌಸ್ ಹಾಕಿಸಬೇಡಿ. ಹಿಡಿತವೇ ಕೆಡುತ್ತದೆ. ಟೇಪ್ ಸಾಕು. ಉಣ್ಣುವುದು ಕಡಿಮೆಯಾಗಿ ಮೂರು ತಿಂಗಳು ಮುಟ್ಟು ನಿಂತರೆ, ಅಥವಾ ಉಸಿರೆಳೆದಾಗ ಪಕ್ಕೆಲುಬು ನೋವಾದರೆ, ಅಭ್ಯಾಸ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಪಕ್ಕೆಲುಬಿನ ಬಿರುಕು ಈ ಆಟದ ಗೊತ್ತಿರುವ ಗಾಯ.

ಪ್ರಶ್ನೆ: ಹುಡುಗಿಯರಿಗೆ 2000 ಮೀಟರ್ ಜಾಸ್ತಿಯಲ್ಲವೇ?
– ಓದುಗ, ನೀರ್ಚಾಲು

ಉತ್ತರ: ಅಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೊದಲ ಸಲ ಅವಕಾಶ ಸಿಕ್ಕಾಗ 1000 ಮೀಟರ್ ಇತ್ತು. 1988ರ ಸೋಲ್ ಒಲಿಂಪಿಕ್ಸ್‌ನಿಂದ ಗಂಡಸರಿಗೂ ಹೆಂಗಸರಿಗೂ 2000. ಒಡಿಶಾದ ಪ್ರತಿಮಾ ಪುಹಾನಾ, ಪ್ರಮೀಳಾ ಪ್ರಭಾ ಮಿಂಜ್ 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದಿದ್ದಾರೆ.

ಪ್ರಶ್ನೆ: ಉಪ್ಪುನೀರಿನಿಂದ ಸಾಮಾನು ಹಾಳಾಗುತ್ತಿದೆ. ಜೊತೆಗೆ ದೋಣಿಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಕೂಗು!
– ತಂಡದ ನಾಯಕಿ, ಕಾಸರಗೋಡು

ಉತ್ತರ: ಪ್ರತಿದಿನ ದೋಣಿ, ರಿಗ್ಗರ್, ಹುಟ್ಟಿನ ಕಾಲರ್ ಸಿಹಿನೀರಲ್ಲಿ ತೊಳೆದು, ಸೀಟಿನ ಹಳಿ ಒರೆಸಿ. ಅಲ್ಯುಮಿನಿಯಂ ರಿಗ್ಗರಿಗೆ ಬಿಗಿದ ಸ್ಟೀಲ್ ನಟ್ಟುಗಳನ್ನು ತಿಂಗಳಿಗೊಮ್ಮೆ ಬಿಚ್ಚಿ ಗ್ರೀಸ್ ಹಚ್ಚಿ. ಎರಡು ಲೋಹಗಳ ನಡುವೆ ಉಪ್ಪು ಕೂತರೆ ಕಚ್ಚಿಹಿಡಿಯುತ್ತದೆ. 10, 13ರ ಸ್ಪ್ಯಾನರ್ ಚೀಲದಲ್ಲಿರಲಿ. ಎರ್ಗೋಮೀಟರಿನ ಸರಪಳಿಗೆ 50 ಗಂಟೆ ಬಳಕೆಗೊಮ್ಮೆ ಎಣ್ಣೆ.

ಭಾಷೆಯ ಜಗಳ ಸುಲಭ. ಹರಟೆಗೆ ಮೂರೂ ಇರಲಿ. ದೋಣಿ ನಿಲ್ಲಿಸುವ ಕೂಗು ಮಾತ್ರ ಒಂದೇ ಇರಬೇಕು. ತುಳುವಿನ ‘ಉಂತು’ ಅರ್ಧ ತಂಡಕ್ಕಷ್ಟೇ ತಿಳಿದರೆ ಅರ್ಧ ಮಂದಿ ನಿಲ್ಲಿಸಿ ಇನ್ನರ್ಧ ಎಳೆಯುತ್ತಾರೆ, ಹುಟ್ಟಿಗೆ ಹುಟ್ಟು ತಾಗುತ್ತದೆ. ಎಳೆತ ನಿಲ್ಲಿಸಲು ‘ಈಸಿ’, ಹುಟ್ಟು ನೀರಿಗೊತ್ತಿ ತಡೆಯಲು ‘ಹೋಲ್ಡ್’ ಎಂದು ಕಾಕ್ಸ್ ಒಬ್ಬಳೇ ಕೂಗಲಿ. ಕಾಕ್ಸ್ ಇಲ್ಲದ ಕ್ವಾಡ್‌ನಲ್ಲಿ ಆ ಕೆಲಸ ಮುಂತುದಿಯಲ್ಲಿ ಕೂತವಳದು. ತಿರುಗಿ ನೋಡಬೇಕಾದವಳೂ ಅವಳೇ, ಹತ್ತು ಎಳೆತಕ್ಕೊಮ್ಮೆಯಾದರೂ.