ಗೆಸ್ಸೊ ಹಚ್ಚಿದ ಮೇಲೆ ಇನ್ನೊಮ್ಮೆ ಕೆತ್ತಬೇಕು

ಪ್ರಶ್ನೆ: ನಿವೃತ್ತಿಯಾದ ಮೇಲೆ ಮರಕೆತ್ತನೆ ಕಲಿತೆ. ಶಿವನೆ ಹಲಗೆಯಲ್ಲಿ ಎರಡು ಹಂಸ ಕೆತ್ತಿ, ಅಂಗಡಿಯಲ್ಲಿ ಸಿಗುವ ಡಬ್ಬಿ ಗೆಸ್ಸೊ (ಬಣ್ಣ, ಚಿನ್ನಕ್ಕೆ ಮೊದಲು ಹಚ್ಚುವ ಬಿಳಿ ಲೇಪ) ಆರು ಕೋಟ್ ಹಚ್ಚಿ, ಅದರ ಮೇಲೆ ಚಿನ್ನದ ರೇಕು ಅಂಟಿಸಿದೆ. ಗರಿಗಳೆಲ್ಲ ಮುಚ್ಚಿಹೋದವು. ಅಗೇಟ್ ಕಲ್ಲಿನಿಂದ ಉಜ್ಜಿದರೆ ಹೊಳಪು ಬರುವ ಬದಲು ರೇಕೇ ಕಿತ್ತು ಬಂತು. ಎಲ್ಲಿ ತಪ್ಪಿದೆ?
– ಓದುಗರು, ಶಿರಸಿ

ಉತ್ತರ: ಕೆತ್ತನೆ ಚೆನ್ನಾಗಿದೆ ಸರ್, ಫೋಟೊ ನೋಡಿದೆ. ತಪ್ಪು ಡಬ್ಬಿಯಲ್ಲಿದೆ. ಅದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಕ್ಯಾನ್ವಾಸಿಗೆ ಬಣ್ಣ ಹಿಡಿಯಲಿ ಅಂತ ಮಾಡಿದ್ದು. ಅದರ ಮೇಲೆ ಕಲ್ಲು ಉಜ್ಜಿದರೆ ರಬ್ಬರಿನ ಮೇಲೆ ಉಜ್ಜಿದ ಹಾಗೆ.

ಹಳೇ ಗೆಸ್ಸೊಗೆ ಬೇಕಾದ್ದು ಎರಡೇ ಸಾಮಾನು, ಚರ್ಮದ ಸರೇಸು (ಪ್ರಾಣಿಚರ್ಮದ ಅಂಟು) ಮತ್ತು ಸೀಮೆಸುಣ್ಣದ ನುಣುಪು ಪುಡಿ. ಒಂದು ಪಾಲು ಸರೇಸಿಗೆ ಸುಮಾರು ಹತ್ತು ಪಾಲು ನೀರು ಹಾಕಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಸಬ್ಬಕ್ಕಿ ಥರ ಉಬ್ಬಿರುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಕುದಿಸಬೇಡಿ. ನಾನು ಮೊದಲ ಸಲ ಅವಸರಕ್ಕೆ ಬಿದ್ದು ಕುದಿಸಿದ್ದೆ. ಮನೆಯೆಲ್ಲ ನಾತ, ಮೇಲಾಗಿ ಅಂಟಿನ ಶಕ್ತಿಯೇ ಹೋಗಿ ತಿಂಗಳೊಳಗೆ ಗೆಸ್ಸೊ ಚಕ್ಕೆ ಚಕ್ಕೆಯಾಗಿ ಉದುರಿತು. ಬರೀ ಸರೇಸಿನ ನೀರನ್ನು ಮೊದಲು ಮರಕ್ಕೆ ಕುಡಿಸಿ. ಉಳಿದದ್ದಕ್ಕೆ ಪುಡಿಯನ್ನು ಮೆಲ್ಲಗೆ ಉದುರಿಸುತ್ತಾ, ದೋಸೆ ಹಿಟ್ಟಿಗಿಂತ ತೆಳ್ಳಗೆ ಮಾಡಿಕೊಳ್ಳಿ. ಜೋರಾಗಿ ಕಲಕಿದರೆ ಗುಳ್ಳೆ ಏಳುತ್ತದೆ, ಒಣಗಿದ ಮೇಲೆ ಅದೇ ಸೂಜಿಚುಚ್ಚಿದ ತೂತಾಗುತ್ತದೆ. ಇಂಥ ಎಂಟು ಹತ್ತು ಕೋಟ್ ಬೇಕು.

ಹತ್ತು ಕೋಟ್ ಹಚ್ಚಿದರೆ ಗರಿ ಇನ್ನೂ ಜಾಸ್ತಿ ಮುಚ್ಚಲ್ವಾ ಅಂತೀರಿ. ಮುಚ್ಚುತ್ತದೆ! ಅದಕ್ಕೇ ಎರಡನೇ ಸಲ ಕೆತ್ತುವುದು, ಈ ಸಲ ಮರವನ್ನಲ್ಲ, ಗೆಸ್ಸೊವನ್ನೇ. ಫ್ರಾನ್ಸಿನಲ್ಲಿ ಚಿನ್ನ ಹಚ್ಚಿದ ಕೆತ್ತನೆ ಚೌಕಟ್ಟು ಮಾಡುವವರಿಗೆ ಇದು ಬೇರೆಯೇ ಒಂದು ಕಸುಬು. ನಾನು ದಬ್ಬಣದ ತುದಿ ಬಗ್ಗಿಸಿ ಸಾಣೆ ಹಿಡಿದ ಕೊಕ್ಕೆಯಲ್ಲಿ ಮಾಡುತ್ತೇನೆ. ಒಂದೊಂದೇ ಗರಿಯ ಅಂಚು ಎಳೆಯುತ್ತಾ ಹೋದರೆ ಬಿಳಿ ಸುರುಳಿ ಕಳಚಿ ಬೀಳುತ್ತದೆ. ಮರದಲ್ಲಿ ನಾರಿನ ದಿಕ್ಕು ಅಡ್ಡ ಬರುತ್ತದೆ, ಇಲ್ಲಿ ಅದೇ ಇಲ್ಲ, ಹಾಗಾಗಿ ಉಳಿಗೆ ಸಿಗದ ಸಣ್ಣ ಗೆರೆಯೂ ಇದರಲ್ಲಿ ಸಿಗುತ್ತದೆ. ಮುಂದಿನ ಸಲ ಮರದಲ್ಲಿ ಗರಿಯನ್ನು ಆಳವಾಗಿ, ಸ್ವಲ್ಪ ಒರಟಾಗಿಯೇ ಬಿಡಿ. ನಯ ಎಲ್ಲ ಗೆಸ್ಸೊದಲ್ಲಿ.

ಆಮೇಲೆ ಬೋಲ್, ಅಂದರೆ ನುಣುಪಾದ ಕೆಮ್ಮಣ್ಣನ್ನು ಸರೇಸಿನ ನೀರಲ್ಲಿ ಕಲಸಿದ್ದು, ಮೂರು ನಾಲ್ಕು ಕೋಟ್. ಫ್ಯಾನ್ ಆಫ್ ಮಾಡಿ. ಬೋಲ್ ಮೇಲೆ ನೀರು ಹಚ್ಚಿ, ಒದ್ದೆ ಇರುವಾಗಲೇ ರೇಕು ಬಿಡಿ. ರೇಕು ಎತ್ತುವ ಬ್ರಷ್ಷನ್ನು ಮೊದಲು ಕೆನ್ನೆಗೆ ಸವರಿಕೊಳ್ಳಿ, ಆ ಚೂರು ಜಿಡ್ಡಿಗೆ ರೇಕು ಹಿಡಿಯುತ್ತದೆ. ಹತ್ತು ಸಾವಿರ ರೇಕು ಪೇರಿಸಿದರೂ ಹೆಚ್ಚುಕಡಿಮೆ 1 ಮಿ.ಮೀ. ದಪ್ಪ ಅಷ್ಟೇ, ಹಾಗಾಗಿ ಕೆಳಗೆ ಏನಿದೆಯೋ ಅದೇ ಮೇಲೆ ಕಾಣುತ್ತದೆ. ಒಂದೆರಡು ಗಂಟೆ ಬಿಟ್ಟು ಕಲ್ಲಿನಿಂದ ಮೆಲ್ಲಗೆ ತಟ್ಟಿ ನೋಡಿ. ಮೆತ್ತಗೆ ಸದ್ದು ಬಂದರೆ ಕಾಯಿರಿ, ಟಕ್ ಟಕ್ ಅಂದರೆ ಉಜ್ಜಿ. ಗಂಟೆಯ ಲೆಕ್ಕ ನಂಬಬೇಡಿ, ಅದು ಹವೆಯ ಮೇಲೆ. ನಿಮ್ಮ ಶಿರಸಿ ಮಳೆಯಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಸರೇಸು ತೇವ ಎಳೆದುಕೊಂಡು ಬೂಸಲು ಬರುತ್ತದೆ.

ಹಂಸವನ್ನು ಪೂರ್ತಿ ಹೊಳೆಸಬೇಡಿ ಅನ್ನುವುದು ನನ್ನ ಸ್ವಂತ ಅಭಿಪ್ರಾಯ. ಗರಿಯ ಅಂಚು ಮಾತ್ರ ಉಜ್ಜಿ, ಆಳ ಮಂಕಾಗಿಯೇ ಇರಲಿ, ಅಲ್ಲಲ್ಲಿ ಕೆಂಪು ಇಣುಕಲಿ. ಎಲ್ಲಾ ಕಡೆ ಫಳಫಳ ಅಂದರೆ ಮದುವೆ ಮಂಟಪದ ಕಂಬದ ಥರ ಆಗುತ್ತದೆ.

ಪ್ರಶ್ನೆ: ಮೈಸೂರು ಶೈಲಿಯ ಚಿತ್ರದಲ್ಲೂ ಗೆಸ್ಸೊ ಕೆಲಸ ಅಂತಾರಲ್ಲ, ಇದೂ ಅದೂ ಒಂದೇನಾ?
– ಓದುಗರು, ತುಮಕೂರು

ಉತ್ತರ: ಹೆಸರು ಒಂದೇ, ಕೆಲಸ ಉಲ್ಟಾ. ಕೆತ್ತಿದ ಹಲಗೆಯಲ್ಲಿ ಉಬ್ಬು ತಗ್ಗು ಮೊದಲೇ ಇರುತ್ತದೆ, ಗೆಸ್ಸೊ ಅದರ ಮೇಲೆ ಹೊದಿಕೆ. ಮೈಸೂರು ಚಿತ್ರದಲ್ಲಿ ಸಮತಟ್ಟು ಜಾಗದ ಮೇಲೆ ಸರ, ಕಿರೀಟ, ಜರಿಯಂಚನ್ನು ಗೆಸ್ಸೊದಿಂದಲೇ ಎಬ್ಬಿಸುತ್ತಾರೆ, ಅದೂ ತೆಳುವಾಗಿ. ತಂಜಾವೂರಿನದ್ದು ದಪ್ಪ. ಹಳೇ ಮೈಸೂರು ಮಿಶ್ರಣದಲ್ಲಿ ಸೀಸದ ಬಿಳಿ ಇರುತ್ತಿತ್ತು, ಅದು ವಿಷ. ಅಜ್ಜನ ಕಾಲದ ಚಿತ್ರ ಮನೆಯಲ್ಲಿದ್ದರೆ ಸುಮ್ನೆ ಸ್ಯಾಂಡ್‌ಪೇಪರ್ ಹಿಡಿದು ಕೂರಬೇಡಿ.

ನಿಜವಾದ ನೆಂಟಸ್ತಿಕೆ ಬೇಕಿದ್ದರೆ ಕೊಪ್ಪಳದ ಕಿನ್ನಾಳಕ್ಕೆ ಹೋಗಿ. ಅಲ್ಲಿನ ಚಿತ್ರಗಾರರು ಮರದ ಬೊಂಬೆಗೆ ಹುಣಸೆಬೀಜದ ಅಂಟಿನಲ್ಲಿ ಬಟ್ಟೆಚೂರು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ ಹಾಕುತ್ತಾರೆ. ಇಟಲಿಯ ಹಳೇ ಹಲಗೆ ಚಿತ್ರಗಳಲ್ಲೂ ಸರೇಸಿನಲ್ಲಿ ಅದ್ದಿದ ಹಳೇ ಬಟ್ಟೆಯ ಮೇಲೆ ಗೆಸ್ಸೊ ಇದೆ. ಮರ ಹಿಗ್ಗಿ ಕುಗ್ಗಿದಾಗ ಮೇಲಿನ ಪದರ ಬಿರುಕು ಬಿಡಬಾರದು ಅಂತ ಇಬ್ಬರೂ ಮಾಡಿಕೊಂಡ ಉಪಾಯ.

ಪ್ರಶ್ನೆ: ಆನ್‌ಲೈನಲ್ಲಿ ನೂರು ಹಾಳೆ ‘ಗೋಲ್ಡ್ ಲೀಫ್’ ಬಹಳ ಅಗ್ಗಕ್ಕೆ ಸಿಕ್ಕಿತು. ವರ್ಷದಲ್ಲಿ ಕಪ್ಪಾಯಿತು. ಯಾಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಅದು ಹಿತ್ತಾಳೆ ಮೇಡಂ. ವಾರ್ನಿಷ್ ಹಚ್ಚಿದ್ದರೆ ಇನ್ನಷ್ಟು ದಿನ ತಡೆಯುತ್ತಿತ್ತು. ಉಳಿದ ಹಾಳೆಗಳನ್ನು ಎಸೆಯಬೇಡಿ, ರೇಕು ಹಿಡಿಯುವುದನ್ನು ಅದರಲ್ಲೇ ಕಲಿಯಿರಿ.