ಗಾಂಧೀಜಿ ಹೋದ ಹಡಗು ಆಮೇಲೆ ಎಂತಾಯ್ತು?

ಪ್ರಶ್ನೆ: ಪಣಂಬೂರಿಗೆ ಕ್ರೂಸ್ ಹಡಗು ಬರ್ತದಲ್ಲ, ಅಂಥಾ ಪ್ಯಾಸೆಂಜರ್ ಹಡಗಿಗೇ ಮೊದ್ಲೆಲ್ಲ ಫಿರಂಗಿ ಇಟ್ಟು ಯುದ್ಧಕ್ಕೆ ಕಳಿಸ್ತಿದ್ರಂತೆ, ಗಾಂಧೀಜಿ ಲಂಡನ್‌ಗೆ ಹೋದ ಹಡಗೂ ಹಾಗೇ ಮುಳುಗಿದ್ದಂತೆ. ನಿಜವಾ? – ಓದುಗರು, ಸುರತ್ಕಲ್

ಉತ್ತರ: ಹೌದು, ನಿಜ. ಆ ಹಡಗಿನ ಹೆಸರು ರಾಜಪುತಾನ. ಎರಡನೇ ದುಂಡುಮೇಜಿನ ಪರಿಷತ್ತಿಗೆ ಗಾಂಧೀಜಿ 1931ರ ಆಗಸ್ಟ್ 29ಕ್ಕೆ ಬೊಂಬಾಯಿಯಲ್ಲಿ ಇದೇ ಹಡಗು ಹತ್ತಿದ್ದು, ಜೊತೆಗೆ ಮಾಳವೀಯರು, ಸರೋಜಿನಿ ನಾಯ್ಡು, ಮೀರಾಬೆನ್, ಮಹಾದೇವ ದೇಸಾಯಿ ಎಲ್ಲ ಇದ್ರು. ಗಾಂಧೀಜಿದು ಸೆಕೆಂಡ್ ಕ್ಲಾಸ್ ಟಿಕೆಟ್, ಆದ್ರೆ ಮಲಗ್ತಿದ್ದದ್ದು ಡೆಕ್ಕಲ್ಲೇ.

ಪಿ ಅಂಡ್ ಓ ಅನ್ನುವ ಬ್ರಿಟಿಷ್ ಹಡಗು ಕಂಪನಿಗೆ ಇಂಥವು ನಾಲ್ಕು ಹಡಗು ಇತ್ತು, ರಾಂಚಿ, ರಾಣ್ಪುರ, ರಾವಲ್ಪಿಂಡಿ, ರಾಜಪುತಾನ, ಎಲ್ಲ 1925ರ ಆಸುಪಾಸಿನವು, ಒಂದೊಂದೂ 16 ಸಾವಿರ ಟನ್ನಿಗೆ ಮೇಲೆ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಗುವಾಗ ಬ್ರಿಟಿಷ್ ನೇವಿಗೆ ಕ್ರೂಸರ್ (ದೂರ ಸಮುದ್ರದಲ್ಲಿ ಕಾವಲು ಕಾಯುವ ಯುದ್ಧನೌಕೆ) ಸಾಕಾಗ್ತಿರ್ಲಿಲ್ಲ, ದೂರ ಹೋಗುವ ತಾಕತ್ತು ಇದ್ದದ್ದು ಲೈನರ್‌ಗಳಿಗೆ, ಅಂದ್ರೆ ಇಂಥಾ ದೊಡ್ಡ ಪ್ಯಾಸೆಂಜರ್ ಹಡಗುಗಳಿಗೆ, ಹಾಗಾಗಿ ನಾಲ್ಕನ್ನೂ ತಗೊಂಡ್ರು. ರಾವಲ್ಪಿಂಡಿಗೆ ಇದ್ದ ಎರಡು ಚಿಮಣಿಯಲ್ಲಿ ಹಿಂದಿನದ್ದು ತೆಗೆದ್ರು, 6 ಇಂಚಿನ ಎಂಟು ಹಳೇ ಫಿರಂಗಿ ಕೂರಿಸಿದ್ರು. ಅಷ್ಟೇ ಮಾರಾಯ್ರೇ. ಯುದ್ಧನೌಕೆಗೆ ಇರುವ ಹಾಗೆ ದಪ್ಪ ಉಕ್ಕಿನ ಕವಚ ಇಲ್ಲ, ಮೈಯಂತೂ ಮೂರ್ನಾಲ್ಕು ಮಾಳಿಗೆ ಎತ್ತರ, ದೂರದಿಂದಲೇ ಗುರಿ ಇಡ್ಲಿಕ್ಕೆ ಸುಲಭ.

1939ರ ನವೆಂಬರ್ 23ರ ಸಂಜೆ ಐಸ್‌ಲ್ಯಾಂಡ್ ಮತ್ತು ಫ್ಯಾರೋ ದ್ವೀಪಗಳ ನಡುವೆ ಕಾವಲಿದ್ದ ರಾವಲ್ಪಿಂಡಿಗೆ ಎದುರಾದದ್ದು ಜರ್ಮನಿಯ ಎರಡು ದೊಡ್ಡ ಯುದ್ಧನೌಕೆ, ಶಾರ್ನ್‌ಹೋರ್ಸ್ಟ್ ಮತ್ತು ನೈಸೆನೌ, ಒಂದೊಂದರಲ್ಲೂ 11 ಇಂಚಿನ ಒಂಬತ್ತು ಫಿರಂಗಿ. ಶರಣಾಗಿ ಅಂತ ಸಿಗ್ನಲ್ ಬಂತು. ಕ್ಯಾಪ್ಟನ್ ಎಡ್ವರ್ಡ್ ಕೆನಡಿ, ರಿಟೈರ್ ಆಗಿ ಮನೆಯಲ್ಲಿದ್ದವ್ರನ್ನ ಯುದ್ಧಕ್ಕೆ ಅಂತ ವಾಪಸ್ ಕರೆಸಿದ್ದು, ಅವ್ರು ಶರಣಾಗ್ಲಿಲ್ಲ, ಶತ್ರು ಕಂಡದ್ದನ್ನ ರೇಡಿಯೋದಲ್ಲಿ ತಿಳಿಸಿ ಗುಂಡು ಹಾರಿಸಿದ್ರು, ಒಂದು ಗುಂಡು ಶಾರ್ನ್‌ಹೋರ್ಸ್ಟ್‌ಗೆ ತಾಗಿತು ಸಹ. ಸುಮಾರು 40 ನಿಮಿಷದಲ್ಲಿ ಎಲ್ಲ ಮುಗೀತು. ಸತ್ತವ್ರು 238 ಜನ, ಕೆನಡಿಯೂ ಅದ್ರಲ್ಲಿ ಒಬ್ರು. ಉಳಿದದ್ದು 37 ಮಂದಿ ಮಾತ್ರ, ಅವ್ರಲ್ಲಿ 11 ಜನರನ್ನ ಎತ್ತಿಕೊಂಡ ಚಿತ್ರಾಲ್ ಕೂಡ ಪಿ ಅಂಡ್ ಓದ್ದೇ ಲೈನರ್, ಅದಕ್ಕೂ ಫಿರಂಗಿ ಹಾಕಿದ್ರು. ಆ ನಾವಿಕರ ಧೈರ್ಯಕ್ಕೆ ಕೈ ಮುಗಿಬೇಕು, ಆದ್ರೆ ಕವಚ ಇಲ್ಲದ ಹಡಗಿನಲ್ಲಿ ಅವ್ರನ್ನ ಅಲ್ಲಿ ನಿಲ್ಲಿಸಿದ್ದು ತಪ್ಪು ಅಂತಲೇ ನಾನು ಹೇಳುದು.

ನಮ್ಮ ರಾಜಪುತಾನ ಕೆನಡಾದಲ್ಲಿ ಫಿರಂಗಿ ಹಾಕಿಸಿಕೊಂಡು ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳ ಕಾವಲಿಗೆ ಹೋಗ್ತಿತ್ತು. 1941ರ ಏಪ್ರಿಲ್ 13ಕ್ಕೆ ಐಸ್‌ಲ್ಯಾಂಡಿನ ಪಶ್ಚಿಮಕ್ಕೆ ಜರ್ಮನಿಯ ಯು-108 ಸಬ್‌ಮರೀನ್ ಟಾರ್ಪಿಡೋ (ನೀರಿನೊಳಗೆ ಹೋಗಿ ಸಿಡಿಯುವ ಬಾಂಬು) ಹೊಡೀತು. ಮುಳುಗ್ಲಿಕ್ಕೆ ಒಂದು ಗಂಟೆಗಿಂತ ಜಾಸ್ತಿ ಹಿಡಿದದ್ರಿಂದ ಹೆಚ್ಚಿನವ್ರು ದೋಣಿಗೆ ಇಳಿದ್ರು, ಲೀಜನ್ ಅನ್ನುವ ಡೆಸ್ಟ್ರಾಯರ್, ಅಂದ್ರೆ ವೇಗದ ಸಣ್ಣ ಯುದ್ಧನೌಕೆ, ಬಂದು ಕಾಪಾಡಿತು. ಸತ್ತದ್ದು ಸುಮಾರು 40 ಜನ. ಪ್ಯಾಸೆಂಜರ್ ಕಾಲದಲ್ಲಿ ಅದ್ರ ಕೊನೇ ಕ್ಯಾಪ್ಟನ್ ಆಗಿದ್ದ ರಿಚರ್ಡ್‌ಸನ್ ಯುದ್ಧಕ್ಕೂ ಹಡಗಿನ ಜೊತೆಗೇ ಹೋಗಿದ್ರು, ಅವ್ರೂ ಬದುಕ್ಲಿಲ್ಲ. ರಾಂಚಿ, ರಾಣ್ಪುರ ಎರಡೂ ಯುದ್ಧ ದಾಟಿ ಉಳ್ಕೊಂಡವು.

ಪ್ರಶ್ನೆ: ಆಮೇಲೆ ಯಾವತ್ತಾದ್ರೂ ಹೀಗೆ ಮಾಡಿದ್ದುಂಟಾ? – ಓದುಗರು, ಮಲ್ಪೆ

ಉತ್ತರ: ಉಂಟು, 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ಆದ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ. ಕ್ಯಾನ್‌ಬೆರಾ ಮತ್ತು ಕ್ವೀನ್ ಎಲಿಜಬೆತ್ 2 ಅನ್ನುವ ಪ್ಯಾಸೆಂಜರ್ ಹಡಗು ಎರಡಕ್ಕೂ ಹೆಲಿಕಾಪ್ಟರ್ ಇಳಿಯುವ ಡೆಕ್ ಕಟ್ಟಿದ್ರು. ಆದ್ರೆ ಅವು ಹೋದದ್ದು ಸೈನಿಕರನ್ನ ಸಾಗಿಸ್ಲಿಕ್ಕೆ, ಎದುರು ನಿಂತು ಕಾದಾಡ್ಲಿಕ್ಕೆ ಅಲ್ಲ.