ಸೋಲುತ್ತಿರುವ ಅಮೆರಿಕನ್ ಕಾಲೇಜು ಫುಟ್‌ಬಾಲ್ ಕೋಚ್ ಮೇಲೆ ಅಭಿಮಾನಿಗಳು ನಂಬಿಕೆ ಉಳಿಸಿಕೊಳ್ಳಬೇಕಾ?

ಎಷ್ಟು ಸೋತರು ಅನ್ನುವುದಕ್ಕಿಂತ, ಸೋತ ಮೇಲೆ ಏನು ಬದಲಿಸಿದರು ಅಂತ ನೋಡಿ. ನಾನಂತೂ ಅದನ್ನೇ ನೋಡುತ್ತೇನೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಜಿಮ್ ಹಾರ್ಬಾ ಅದೇ ತಂಡದ ಹಳೆಯ ಕ್ವಾರ್ಟರ್‌ಬ್ಯಾಕ್ (ದಾಳಿ ಮುನ್ನಡೆಸುವ ಆಟಗಾರ). 2015ರಲ್ಲಿ ಕೋಚ್ ಆಗಿ ಬಂದವರು ಬದ್ಧ ವೈರಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಎದುರು ಸತತ ಐದು ಸಲ ಸೋತರು. 2020ರಲ್ಲಂತೂ ಆರು ಪಂದ್ಯಗಳಲ್ಲಿ ಎರಡೇ ಗೆಲುವು. ‘ಕಳಿಸಿಬಿಡಿ’ ಎಂಬ ಕೂಗು ಜೋರಾಯಿತು. ವಿಶ್ವವಿದ್ಯಾಲಯ ಕಳಿಸಲಿಲ್ಲ, ಸಂಬಳ ಹೆಚ್ಚುಕಡಿಮೆ ಅರ್ಧಕ್ಕಿಳಿಸಿ ಒಪ್ಪಂದ ಮುಂದುವರಿಸಿತು. ಅವರು ಒಪ್ಪಿದರು. ಡಿಫೆನ್ಸ್ ನೋಡಿಕೊಳ್ಳುವ ಕೋಚ್ ಕೂಡ ಬದಲಾದರು.

2021ರ ನವೆಂಬರ್‌ನಲ್ಲಿ, ಹಿಮ ಉದುರುತ್ತಿದ್ದ ಮಧ್ಯಾಹ್ನ, ಒಹಾಯೊ ಸ್ಟೇಟ್ ವಿರುದ್ಧ 42-27 ಗೆಲುವು! ಜನ ಬೇಲಿ ದಾಟಿ ಮೈದಾನಕ್ಕೇ ನುಗ್ಗಿದರು. 2023ರ ಋತುವಿನಲ್ಲಿ ಆಡಿದ ಹದಿನೈದೂ ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್.

ಆದರೆ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಕೋಚ್ ಸ್ಕಾಟ್ ಫ್ರಾಸ್ಟ್‌ಗೂ ಸಂಬಳ ಇಳಿಸಿ ಇನ್ನೊಂದು ಅವಕಾಶ ಕೊಟ್ಟಿದ್ದರು. 2022ರ ಸೆಪ್ಟೆಂಬರ್‌ನಲ್ಲಿ, ಮೂರೇ ಪಂದ್ಯ ಮುಗಿದಾಗ, ಕಳಿಸಬೇಕಾಯಿತು.